ಹೃದಯಕ್ಕೆ ಹಗುರಾಗಲು ಹೊಟ್ಟೆ ಇಳಿಸುವುದು ಹೇಗೆ

ಮೊದಲು ಟೈಲರ್ ಟೇಪ್ ತೆಗೆದುಕೊಳ್ಳಿ. ಉಸಿರು ಬಿಟ್ಟು, ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಳತೆ ನೋಡಿ. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ನನ್ನದು 98 ಇತ್ತು. ತೂಕ 84 ಕೆಜಿ, ಜೊತೆಗೆ ಬಿಪಿ.

ಗಾಬರಿ ಬೇಡ. ಇರುವ ತೂಕದಲ್ಲಿ ನೂರಕ್ಕೆ 5 ಭಾಗ ಇಳಿದರೂ ಬಿಪಿ, ಸಕ್ಕರೆ, ರಕ್ತದ ಕೊಬ್ಬು ತಗ್ಗತೊಡಗುತ್ತವೆ. ನನಗೆ ಅದು ಬರೀ 4 ಕೆಜಿ!

ತುಮಕೂರಿನವರಿಗೆ ಮುದ್ದೆ ಬಿಡಿ ಅಂದರೆ ಆಗುತ್ತಾ? ಬಿಡಬೇಡಿ. ಎರಡಿದ್ದದ್ದು ಒಂದಾಗಲಿ, ಮೇಲೆ ಅನ್ನ ಬೇಡ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು, ಹುರುಳಿಕಾಳಿನ ಪಲ್ಯ ಅರ್ಧ ತಟ್ಟೆ ತುಂಬಲಿ. ನನ್ನ ಹೆಂಡತಿ ಒಗ್ಗರಣೆಗೆ ಎಣ್ಣೆ ಸುರಿಯುವುದು ಬಿಟ್ಟು ಚಮಚದಲ್ಲಿ ಅಳೆಯುತ್ತಾಳೆ. ರುಚಿ ಸ್ವಲ್ಪವೂ ಕೆಟ್ಟಿಲ್ಲ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ, ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ.

ವಾರಕ್ಕೆ 5 ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ನಾನು ಅಮಾನಿಕೆರೆಗೆ ಹೋಗುತ್ತೇನೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಎದೆ ಹಿಡಿದಂತಾದರೆ ಅಲ್ಲೇ ನಿಲ್ಲಿ, ತಕ್ಷಣ ಆಸ್ಪತ್ರೆಗೆ ಹೋಗಿ. ತೂಕ ಇಳಿಯಿತು ಅಂತ ಬಿಪಿ ಮಾತ್ರೆ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.