ಸುಂಕ ಹೋದ ಮೇಲೂ ನಾವು ಟೊಮೆಟೊ ಬೆಳೆದದ್ದು

ಐಸ್‌ಲ್ಯಾಂಡಿನ ದಕ್ಷಿಣದಲ್ಲಿ, ಫ್ಲೂದಿರ್ ಊರಿನ ಹತ್ತಿರ ನಮ್ಮ ಹಸಿರುಮನೆ. ನಾವು ಬೆಳೆಯುವುದು ಟೊಮೆಟೊ. 2002ರಲ್ಲಿ ಟೊಮೆಟೊ, ಸೌತೆಕಾಯಿ, ದಪ್ಪ ಮೆಣಸಿನಕಾಯಿ ಮೇಲಿನ ಆಮದು ಸುಂಕ ತೆಗೆಯುತ್ತಾರೆ ಅಂತ ಗೊತ್ತಾದಾಗ ನನಗೆ ನಿಜಕ್ಕೂ ಭಯವಾಗಿತ್ತು. ಹಡಗಿನಲ್ಲಿ ಬರುವ ಸ್ಪೇನಿನ ಹಣ್ಣಿನ ಮುಂದೆ ನಾವು ನಿಲ್ಲುತ್ತೇವಾ?

ಅಲ್ಲಿಯವರೆಗೆ ನಮ್ಮ ಬೆಳೆ ಬರುವ ತಿಂಗಳುಗಳಲ್ಲಿ ಸುಂಕ ಏರುತ್ತಿತ್ತು. ಅದರ ಭಾರ ಹೊರುತ್ತಿದ್ದದ್ದು ತರಕಾರಿ ಕೊಳ್ಳುವವರು, ಆದರೆ ಯಾರು ಎಷ್ಟು ಕೊಡುತ್ತಿದ್ದಾರೆ ಅಂತ ಯಾರಿಗೂ ಕಾಣುತ್ತಿರಲಿಲ್ಲ. ಬೆಲೆ ಜಾಸ್ತಿ ಅಂತ ಜನ ಬೈದರೆ ಅದು ನ್ಯಾಯವೇ ಆಗಿತ್ತು. ಹೊಸ ವ್ಯವಸ್ಥೆಯಲ್ಲಿ ಮಾರಿದ ಕಿಲೋಗೆ ಇಷ್ಟು ಅಂತ ಸರ್ಕಾರ ನೇರವಾಗಿ ನಮಗೆ ಹಣ ಕೊಡುತ್ತದೆ. ಅದು ಬಜೆಟ್‌ನಲ್ಲಿ ಕಾಣುತ್ತದೆ, ಯಾರು ಬೇಕಾದರೂ ಪ್ರಶ್ನೆ ಮಾಡಬಹುದು. ನಮ್ಮನ್ನು ಉಳಿಸಿದ್ದು ಬರೀ ಹಣ ಅಲ್ಲ. ಹತ್ತು ವರ್ಷದ ಲಿಖಿತ ಒಪ್ಪಂದ ಕೈಯಲ್ಲಿತ್ತಲ್ವಾ, ಅದನ್ನು ತೋರಿಸಿದ ಮೇಲೆಯೇ ದೀಪಗಳಿಗೆ ಬ್ಯಾಂಕ್ ಸಾಲ ಕೊಟ್ಟಿತು.

ದೀಪ ಯಾಕೆ ಅಂದರೆ, ಬಿಸಿ ನಮಗೆ ನೆಲದಡಿಯ ಬಿಸಿನೀರಿನಿಂದಲೇ ಸಿಗುತ್ತದೆ, ಕೊರತೆ ಬೆಳಕಿನದು. ಡಿಸೆಂಬರ್‌ನಲ್ಲಿ ಹಗಲು ನಾಲ್ಕೈದು ಗಂಟೆ, ಅಷ್ಟೇ. ಮೊದಲು ಒಂದೇ ಒಂದು ಭಾಗಕ್ಕೆ ಸೋಡಿಯಂ ದೀಪ ಹಾಕಿ ಒಂದು ಚಳಿಗಾಲ ಪೂರ್ತಿ ಕರೆಂಟಿನ ಲೆಕ್ಕ ಬರೆದಿಟ್ಟೆ. ಆಮೇಲೆ ಉಳಿದದ್ದಕ್ಕೂ ಹಾಕಿದೆ. ಈಗ ಜನವರಿಯಲ್ಲಿ ಗಾಜಿನ ಆಚೆ ಹಿಮ ಬಿದ್ದಿರುತ್ತದೆ, ಒಳಗೆ ಹಳದಿ ಬೆಳಕಿನಲ್ಲಿ ದುಂಬಿಗಳು ಗುಂಯ್ ಅನ್ನುತ್ತಿರುತ್ತವೆ. ಅವು ಪೆಟ್ಟಿಗೆಯಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಬರುತ್ತವೆ. ಬೆಳಿಗ್ಗೆ ಹೋದವಳೇ ನಾನು ಮೊದಲು ನೋಡುವುದು ಹೂವಿನ ನಡುವಿನ ಹಳದಿ ಮೂತಿಯನ್ನು. ಅಲ್ಲಿ ಕಂದು ಗುರುತು ಬಿದ್ದಿದ್ದರೆ ದುಂಬಿ ಕಚ್ಚಿಹಿಡಿದು ಪರಾಗ ಉದುರಿಸಿದೆ ಎಂದರ್ಥ, ಕಾಯಿ ಕಟ್ಟುತ್ತದೆ.

ಬೆಲೆಯಲ್ಲಿ ಸ್ಪೇನನ್ನು ಮೀರಿಸಲು ನಮ್ಮಿಂದ ಆಗಲ್ಲ. ಆದರೆ ಹಣ್ಣು ಗಿಡದಲ್ಲೇ ಕೆಂಪಾಗುವವರೆಗೆ ಬಿಡುತ್ತೇವೆ, ಪೊಟ್ಟಣದ ಮೇಲೆ ದೇಶದ ಬಾವುಟದ ಗುರುತು ಹಾಕುತ್ತೇವೆ. ಜನ ಅದನ್ನು ಹುಡುಕಿ ತೆಗೆದುಕೊಳ್ಳುತ್ತಾರೆ.

ಒಂದು ತೊಂದರೆ ಇದೆ. ಕೊಡುವ ಮೊತ್ತ ಒಟ್ಟಾರೆ ಇಷ್ಟೇ ಅಂತ ನಿಗದಿ, ಹಾಗಾಗಿ ಎಲ್ಲರೂ ಜಾಸ್ತಿ ಬೆಳೆದಷ್ಟೂ ಕಿಲೋಗೆ ಸಿಗುವುದು ಕಡಿಮೆಯಾಗುತ್ತದೆ.

ಹಾಲು, ಮಾಂಸಕ್ಕೆ ಸುಂಕ ಇನ್ನೂ ಇದೆ. ಹಸು ಸಾಕಿರುವ ಪಕ್ಕದವರು ನಮ್ಮ ಸರದಿ ಬಂದರೆ ಏನು ಮಾಡೋಣ ಅಂತ ಕೇಳುತ್ತಿರುತ್ತಾರೆ. ಸುಂಕ ತೆಗೆಯಲೇಬಾರದು ಅಂತ ಹಟ ಮಾಡಬೇಡಿ, ಅದು ಹೋಗುವ ದಿನವೇ ನೇರ ಹಣ ಶುರುವಾಗಬೇಕು, ಎಷ್ಟು ವರ್ಷ ಅಂತ ಮೊದಲೇ ಬರೆಸಿಕೊಳ್ಳಿ ಅಂತ ಹೇಳಿದ್ದೇನೆ.