ಅವಿಭಾಜ್ಯ ಅಪವರ್ತನ: ಭಾಗಿಸುತ್ತಾ ಎಲ್ಲಿಗೆ ನಿಲ್ಲಿಸಬೇಕು?

ಒಂದಕ್ಕಿಂತ ದೊಡ್ಡದಾಗಿದ್ದು, ಒಂದರಿಂದ ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಪೂರ್ಣಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 1ಕ್ಕಿಂತ ದೊಡ್ಡದಾದ ಉಳಿದೆಲ್ಲ ಪೂರ್ಣಸಂಖ್ಯೆಗಳನ್ನು ಇಂಥವುಗಳ ಗುಣಲಬ್ಧವಾಗಿ ಬಿಡಿಸಬಹುದು. ಯಾವ ದಾರಿಯಿಂದ ಬಿಡಿಸಿದರೂ ಕೊನೆಗೆ ಸಿಗುವ ಅಪವರ್ತನಗಳು ಅವೇ. ಇದಕ್ಕೆ ಅಂಕಗಣಿತದ ಮೂಲಭೂತ ಪ್ರಮೇಯ ಎಂದು ಹೆಸರು.

ಕರ್ನಾಟಕ ಏಕೀಕರಣದ ವರ್ಷವಾದ 1956ನ್ನೇ ತೆಗೆದುಕೊಳ್ಳೋಣ. ಸಂಖ್ಯೆಯನ್ನು ಬರೆದು, ಅದರ ಎಡಕ್ಕೆ ಉದ್ದಗೆರೆ ಎಳೆದು, ಗೆರೆಯಾಚೆ ಭಾಜಕವನ್ನೂ ಸಂಖ್ಯೆಯ ಕೆಳಗೆ ಭಾಗಲಬ್ಧವನ್ನೂ ಬರೆಯುತ್ತಾ ಇಳಿಯಬೇಕು. ಬಿಡಿಸ್ಥಾನದಲ್ಲಿ 6 ಇರುವುದರಿಂದ ಮೊದಲ ಭಾಜಕ 2, ಭಾಗಲಬ್ಧ 978. ಅದೂ ಸಮಸಂಖ್ಯೆಯೇ ಆದ್ದರಿಂದ 2ರಿಂದಲೇ ಇನ್ನೊಮ್ಮೆ ಭಾಗಿಸಿದರೆ 489. ಇದರ ಅಂಕಿಗಳ ಮೊತ್ತ 21. ಅದು 3ರಿಂದ ಭಾಗವಾಗುವ ಕಾರಣ 489 ಕೂಡ ಭಾಗವಾಗಿ 163 ಉಳಿಯುತ್ತದೆ. 163ರ ಅಂಕಿಗಳ ಮೊತ್ತ 10, ಹಾಗಾಗಿ 3ರ ಕೆಲಸ ಅಲ್ಲಿಗೆ ಮುಗಿಯಿತು.

ಹೆಚ್ಚಿನವರು ತಡವರಿಸುವುದು ಇಲ್ಲಿಯೇ. 163ನ್ನು 162ರವರೆಗಿನ ಎಲ್ಲ ಸಂಖ್ಯೆಗಳಿಂದ ಭಾಗಿಸಿ ನೋಡಬೇಕೇ? ಬೇಕಿಲ್ಲ. 13ನ್ನು 13ರಿಂದ ಗುಣಿಸಿದರೇ 169 ಆಗುವುದರಿಂದ, 163ಕ್ಕೆ ಎರಡು ಅಪವರ್ತನಗಳಿದ್ದರೆ ಅವುಗಳಲ್ಲಿ ಒಂದಾದರೂ 13ಕ್ಕಿಂತ ಚಿಕ್ಕದಿರಲೇಬೇಕು. 4, 6, 9ರಂಥವುಗಳನ್ನೂ ಪರೀಕ್ಷಿಸಬೇಕಾಗಿಲ್ಲ, ಏಕೆಂದರೆ 2ರಿಂದಲೋ 3ರಿಂದಲೋ ಭಾಗವಾಗದ ಸಂಖ್ಯೆ ಅವುಗಳಿಂದಲೂ ಆಗದು. ಉಳಿದದ್ದು 5, 7 ಮತ್ತು 11. ಬಿಡಿಸ್ಥಾನದಲ್ಲಿ 0 ಅಥವಾ 5 ಇಲ್ಲ; 7ರಿಂದ ಭಾಗಿಸಿದರೆ ಶೇಷ 2, 11ರಿಂದ ಭಾಗಿಸಿದರೆ 9. ಆದ್ದರಿಂದ 163 ಅವಿಭಾಜ್ಯ, ಮತ್ತು 1956 = 2² × 3 × 163.

ಉತ್ತರವನ್ನು 12 × 163 ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಅಪವರ್ತನವೇನೋ ಸರಿ, ಆದರೆ 12 ಅವಿಭಾಜ್ಯವಲ್ಲ. ಇದಕ್ಕೆ ವಿರುದ್ಧವಾದ ಮೋಸವೂ ಇದೆ: 51 ಮತ್ತು 91 ನೋಡಲು ಅವಿಭಾಜ್ಯಗಳಂತೆಯೇ ಕಂಡರೂ ಮೊದಲನೆಯದು 3 × 17, ಎರಡನೆಯದು 7 × 13. ನೋಟವನ್ನು ನಂಬುವುದಕ್ಕಿಂತ ಭಾಗಿಸಿ ನೋಡುವುದೇ ಲೇಸು.

ಈಗ ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರು ಪಡೆದ 1973ನ್ನು ಇದೇ ಕ್ರಮದಲ್ಲಿ ಬಿಡಿಸಲು ಹೊರಡಿ. 45ರ ವರ್ಗ 2025 ಆಗಿರುವುದರಿಂದ 2ರಿಂದ 43ರವರೆಗಿನ 14 ಅವಿಭಾಜ್ಯ ಸಂಖ್ಯೆಗಳನ್ನು ಪರೀಕ್ಷಿಸಿದರೆ ಸಾಕು. 17ರಲ್ಲಿ ಇನ್ನೇನು ಭಾಗವಾಯಿತು ಎನ್ನುವಷ್ಟರಲ್ಲಿ 1 ಉಳಿದುಬಿಡುತ್ತದೆ, 29ರಲ್ಲೂ ಅದೇ ಕಥೆ. 43ರಿಂದ ಭಾಗಿಸಿದಾಗ ಶೇಷ 38. ಅಲ್ಲಿಗೆ ಪಟ್ಟಿ ಮುಗಿಯಿತು. 1973 ತಾನೇ ಅವಿಭಾಜ್ಯ ಸಂಖ್ಯೆ, ಅದರಲ್ಲಿ ಬಿಡಿಸಲು ಏನೂ ಇಲ್ಲ.