ಅಂಗಡಿಗೆ ಲಿನಕ್ಸ್ ಬಂತು, ನುಡಿ ಫೈಲುಗಳೂ ಉಳಿದವು

ಹಾಸನದ ಬಿ.ಎಂ. ರಸ್ತೆ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ಸಂಘಗಳ ವಾರ್ಷಿಕ ವರದಿ, ಇದೇ ಕೆಲಸ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತು. ನನ್ನ ಎರಡು ಕಂಪ್ಯೂಟರಿನಲ್ಲೂ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಹಾಗಾಗಿ 11 ಹಾಕುವಂತಿರಲಿಲ್ಲ. ಚೆನ್ನಾಗಿ ಓಡುತ್ತಿರುವ ಮೆಷಿನ್ ಗುಜರಿಗೆ ಹಾಕೋದು ಹೇಗೆ? ಒಂದಕ್ಕೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22 ಹಾಕಿದೆ. ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

ಹಾಕುವುದು ಅರ್ಧ ಗಂಟೆ ಕೆಲಸ. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ಪ್ರಿಂಟರ್, ವೈಫೈ ನೋಡಿಕೊಳ್ಳಿ, ಆಮೇಲೆ ಇನ್‌ಸ್ಟಾಲ್ ಮಾಡಿ.

ಕೀಬೋರ್ಡಿನದ್ದೇ ನನಗೆ ಭಯವಿತ್ತು. ಹದಿನೈದು ವರ್ಷ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಒತ್ತಿದ ಬೆರಳುಗಳು ಇವು, ಈಗ ಬದಲಾಗಲ್ಲ. ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ನಲ್ಲಿ ಎಂ17ಎನ್ ಎಂಬ ಕೀಬೋರ್ಡ್ ಸಂಗ್ರಹ ಸೇರಿಸಿ, ನುಡಿಯಲ್ಲಿದ್ದ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸವನ್ನೇ ಆರಿಸಿಕೊಂಡೆ, ಅದೇ ಕೀಲಿಗಳು, ಅದೇ ವೇಗ. ಗುಬ್ಬಿ, ನವಿಲು ಫಾಂಟುಗಳು ಸಾಫ್ಟ್‌ವೇರ್ ಭಂಡಾರದಲ್ಲೇ ಸಿಕ್ಕವು.

ನಿಜವಾದ ಕೆಲಸ ಇದ್ದದ್ದು ಹಳೆಯ ಫೈಲುಗಳಲ್ಲಿ. ಅವೆಲ್ಲ ಆಸ್ಕಿ ನುಡಿಯವು, ಅಂದರೆ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ನುಡಿ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ವರ್ಡ್ ಥರದ ಲಿಬ್ರೆಆಫೀಸಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೆಯ ನುಡಿ ಫಾಂಟ್ ಫೈಲನ್ನು ಲಿನಕ್ಸಿಗೂ ಹಾಕಿದೆ, ಓದಲು ಬಂತು. ಸುಮ್ನೆ ಪ್ರಿಂಟ್ ತೆಗೆಯಲು ಅಷ್ಟು ಸಾಕು. ಆದರೆ ನನಗೆ ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತವಿರುವ, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಬೇಕಿತ್ತು, ಪರಿವರ್ತಕದಲ್ಲಿ ಒಂದೊಂದಾಗಿ ಹಾಕುತ್ತಾ ಬಂದೆ. ಮೊದಲ ದಿನವೇ ಒಂದು ಲಗ್ನಪತ್ರಿಕೆಯಲ್ಲಿ ‘ಸೂರ್ಯ’ ಹೋಗಿ ‘ಸೂಯ್ರ’ ಆಗಿತ್ತು. ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು, ಅದಲುಬದಲಾಗುವುದು ಅಲ್ಲೇ. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಹೆಸರುಗಳನ್ನಂತೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಮದುವೆ ಕಾರ್ಡಿನಲ್ಲಿ ಹುಡುಗನ ಹೆಸರು ತಪ್ಪಾದರೆ ಯಾರು ಸುಮ್ಮನಿರುತ್ತಾರೆ?

ಇನ್ನೊಂದು ವಿಷಯ. ಲಿಬ್ರೆಆಫೀಸಿನ ಭಾಷೆಯ ಸೆಟ್ಟಿಂಗಿನಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಆನ್ ಮಾಡಿ ಕನ್ನಡ ಆರಿಸಿ. ಅಲ್ಲಿ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಬೇರೆ ಫಾಂಟ್. ಇದು ಗೊತ್ತಿಲ್ಲದೆ ಅಕ್ಷರದ ಅಳತೆ ಬದಲಾಗುತ್ತಿಲ್ಲ ಅಂತ ಒಂದು ಇಡೀ ಸಂಜೆ ಒದ್ದಾಡಿದ್ದೇನೆ.

ಪುಟ ಜೋಡಿಸಲು ಬಳಸುತ್ತಿದ್ದ ಪೇಜ್‌ಮೇಕರ್ ಜಾಗಕ್ಕೆ ಸ್ಕ್ರೈಬಸ್. ಹಿಂದೆ ಅದರ 1.4 ಆವೃತ್ತಿಯಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತಿತ್ತು, 2024ರಲ್ಲಿ ಬಂದ 1.6ರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ, ಪ್ರೆಸ್ಸಿಗೆ ಬೇಕಾದ ನಾಲ್ಕು ಬಣ್ಣದ ಪಿಡಿಎಫ್ ಕೂಡ ಬರುತ್ತದೆ. ಪಾಸ್‌ಪೋರ್ಟ್ ಫೋಟೋಗೆ ಗಿಂಪ್ ಸಾಕು. ಪೇಜ್‌ಮೇಕರಿನ ಹಳೆಯ ಫೈಲುಗಳಿಗೆ ಮಾತ್ರ ಎರಡನೇ ಕಂಪ್ಯೂಟರನ್ನು ಇಂಟರ್ನೆಟ್ ತೆಗೆದು ಹಾಗೇ ಇಟ್ಟಿದ್ದೇನೆ. ಆ ಕಡತಗಳನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಮೊನ್ನೆ ದುದ್ದದ ಕಡೆಯ ಯಜಮಾನರೊಬ್ಬರು ಬಂದರು. “ಅಣ್ಣಾ, ದೊಡ್ಡ ಮಗಳ ಮದುವೇಲಿ ಮಾಡಿಸಿದ್ವಲ್ಲ, ಅದೇ ಥರ ಕಾರ್ಡು ಚಿಕ್ಕವಳಿಗೂ ಬೇಕು.” ಯಾವ ವರ್ಷ ಅಂತ ಅವರಿಗೂ ನೆನಪಿಲ್ಲ. ಮೊದಲಾಗಿದ್ದರೆ ಒಂದೊಂದೇ ಫೋಲ್ಡರ್ ತೆರೆದು ನೋಡಬೇಕಿತ್ತು. ಈಗ ಫೈಲುಗಳು ಯೂನಿಕೋಡಿಗೆ ಬಂದಿದ್ದರಿಂದ ದೊಡ್ಡ ಮಗಳ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿದೆ. ಅವರು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಪತ್ರಿಕೆ ಪರದೆ ಮೇಲಿತ್ತು.